ಪುಟ್ಟಮಾದಮ್ಮನ ಟೇಸನ್ನು

ನಾನು ಮಳವಳ್ಳಿಗೆ ಪ್ರೈಮರಿ ಮೇಷ್ಟ್ರಾಗಿ ಬಂದಾಗ ಯುದ್ಧ ಜೋರಾಗಿತ್ತು. ಪೆಟ್ರೋಲು ಸಿಗದೆ ಮದ್ದೂರಿನ ಬಸ್ಸು ಇದ್ದಿಲು ಸುಟ್ಟುಕೊಂಡು ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಟಿಕೀಟು ತೆಗೆದುಕೊಂಡವರೇ ಇಳಿದು ತಳ್ಳಬೇಕಿತ್ತು.

ಪುಟ್ಟಮಾದಮ್ಮನ ಜಗಲಿಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಆಕೆ ವಿಧವೆ. ಊರಂಚಿನಲ್ಲಿ ಒಂದು ಎಕರೆ ಹೊಲ. ರಾಗಿ, ಅವರೆ ತಾನೇ ಬೆಳೆಯುತ್ತಿದ್ದಳು. ಇದ್ದ ಒಬ್ಬಳೇ ಮಗಳು ಬೆಳ್ಳಮ್ಮನನ್ನು ಮದ್ದೂರಿನಾಚೆ ಗೆಜ್ಜಲಗೆರೆಗೆ ಕೊಟ್ಟಿತ್ತು. ಮೂರು ವರ್ಷದಿಂದ ಗೌರಿ ಹಬ್ಬಕ್ಕೆ ಮಗಳು ತವರಿಗೆ ಬಂದಿರಲಿಲ್ಲ. ಬಸ್ಸು ತಳ್ಳುವುದಕ್ಕೆ ನಮ್ಮ ಸೊಸೆಯನ್ನು ಕಳಿಸುವುದಿಲ್ಲ, ಗಾಡಿ ಬಿಡುವಿಲ್ಲ ಎಂದು ಅತ್ತೆ ಹೇಳಿ ಕಳಿಸುತ್ತಿದ್ದಳು. ಪುಟ್ಟಮಾದಮ್ಮ ಬಸ್ಸನ್ನು ಬೈಯುತ್ತಿದ್ದಳು. ಅತ್ತೆಯನ್ನು ಬೈಯುವಂತಿರಲಿಲ್ಲ, ಮಗಳು ಅಲ್ಲಿದ್ದಳು.

ಹಿಂದಿನ ಎರಡು ವರ್ಷ ಪ್ಲೇಗು ಬಂದು ಊರವರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಮನೆಗಳು ಒಂದಕ್ಕೊಂದು ಅಂಟಿಕೊಂಡಿರುವುದೇ ಇದಕ್ಕೆ ಕಾರಣ, ಊರು ಆಚೆಗೆ ಹರಡಬೇಕು ಎಂದು ದೊಡ್ಡವರು ತೀರ್ಮಾನಿಸಿದರು. ಹೊಲ ಬಿಟ್ಟುಕೊಡಬೇಕೆಂದು ಊರಂಚಿನ ಹೊಲದವರಿಗೆಲ್ಲ ನೋಟೀಸು ಬಂತು. ಪುಟ್ಟಮಾದಮ್ಮ ತನ್ನದನ್ನು ನನ್ನ ಮುಂದೆ ತಂದಿಟ್ಟಳು.

ಓದಿದೆ. ಸರ್ಕಾರದ ಕನ್ನಡ, ಮೂರು ಸಾಲಾದರೂ ಉಸಿರು ಬಿಡುವಂತಿಲ್ಲ. ನಡುವೆ ಒಂದು ಕಡೆ ‘ಎಕ್ಸ್‌ಟೆನ್ಷನ್ ಸಲುವಾಗಿ’ ಅಂತಿತ್ತು. ನಾನು ಓದಿದ ಇಂಗ್ಲಿಷ್ ಪಾಠಗಳಲ್ಲಿ ಹಸು, ಬೆಕ್ಕು, ರಾಜ, ರಾಣಿ ಇದ್ದವೇ ಹೊರತು ಈ ಪದವಿರಲಿಲ್ಲ. ಗೊತ್ತಿಲ್ಲವೆಂದು ತೋರಬಾರದಲ್ಲ, ಅಲ್ಲಿ ಸ್ವಲ್ಪ ಬೇಗ ಓದಿದೆ.

ಪುಟ್ಟಮಾದಮ್ಮ ಕೈಯೆತ್ತಿ ನಿಲ್ಲಿಸಿದಳು. “ಏನಂದ್ರಿ ಮೇಷ್ಟ್ರೇ, ಟೇಸನ್ನಾ? ನಮ್ಮೂರ್ಗೆ ರೈಲ್ ಬತ್ತದಾ?”

ಮತ್ತೆ ಓದಿದೆ. ಎರಡನೆಯ ಸಲ ನನಗೂ ಟೇಸನ್ನೆಂದೇ ಕೇಳಿಸಿತು. ಯುದ್ಧಕಾಲ, ಏನೇನೋ ಆಗುತ್ತಿತ್ತು, ಮಳವಳ್ಳಿಗೆ ರೈಲು ಯಾಕೆ ಬರಬಾರದು? ಹಾಗೇ ಇರಬೇಕು ಎಂದೆ. ನಾನು ಹೇಳಿದ್ದು ಅಷ್ಟೇ. ಮೇಷ್ಟ್ರು ಹೇಳಿದ ಮೇಲೆ ಆಕೆಗೆ ಇನ್ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲ.

ಪಕ್ಕದ ಹೊಲದ ಚೌಡಯ್ಯ ಮಂಡ್ಯದ ವಕೀಲರ ಹತ್ತಿರ ಹೋಗಿ ತಕರಾರು ಅರ್ಜಿ ಬರೆಸಿದ. ನೀನೂ ಹೆಬ್ಬೆಟ್ಟು ಒತ್ತು ಎಂದು ಆಕೆಯ ಮನೆಗೆ ಎರಡು ಸಲ ಬಂದ. ಆಕೆ ಒತ್ತಿದ್ದು ಕಚೇರಿಯ ಒಪ್ಪಿಗೆ ಕಾಗದಕ್ಕೆ. ಮಗಳು ಮದ್ದೂರಿನಲ್ಲಿ ರೈಲು ಹತ್ತಿದರೆ ಅವ್ವನ ಹೊಲದಲ್ಲೇ ಇಳಿಯುತ್ತಾಳೆ, ಯಾರ ಗಾಡಿಯೂ ಬೇಡ ಎಂದು ನನಗೆ ಬಿಡಿಸಿ ಹೇಳಿದಳು. ಚೌಡಯ್ಯನ ಹೊಲ ಉಳಿಯಿತು. ಈಕೆಯ ಹೊಲದಲ್ಲಿ ಅಳತೆಯ ಹಗ್ಗ ಹಿಡಿದವರು ಬಂದು ಕಲ್ಲು ನೆಟ್ಟರು.

ಆಕೆ ಅವರಿಗೆ ಮಜ್ಜಿಗೆ ಕೊಟ್ಟು, ರೈಲು ಯಾವ ಮಗ್ಗುಲಲ್ಲಿ ನಿಲ್ಲುತ್ತದೆ ಎಂದು ಕೇಳಿದ್ದಾಳೆ. ಅವರು ನಕ್ಕು, ಇಲ್ಲಿ ರಸ್ತೆ, ಇಲ್ಲೊಂದು ಮನೆ, ಅಲ್ಲೊಂದು ಮನೆ ಎಂದಿದ್ದಾರೆ. ಮನೆಗೆ ಬಂದು ನನ್ನನ್ನು ಕೇಳಿದಳು. ನನಗೂ ತಲೆಬುಡ ತಿಳಿಯಲಿಲ್ಲ. ಮಾರನೆಯ ದಿನ ನಾಚಿಕೆ ಬಿಟ್ಟು ಹೆಡ್ಮೇಷ್ಟ್ರ ಹತ್ತಿರ ಆ ಪದದ ಅರ್ಥ ಕೇಳಿದೆ. ಸಂಜೆ ನೇರ ಆಕೆಯ ಮುಂದೆ ಹೋಗಿ ನಿಂತೆ.

ಊರನ್ನು ಬೆಳೆಸುವುದು ಅಂತ ಅದರ ಅರ್ಥ, ಪುಟ್ಟಮಾದಮ್ಮ, ರೈಲಲ್ಲ ಎಂದೆ.

“ಊರೇನ್ ರಾಗಿನಾ, ನನ್ನೊಲ್ದಲ್ಲಿ ಬೆಳಿಯಾಕೆ?” ಎಂದಳು. ಕೋಪವಿರಲಿಲ್ಲ. ನಿಜವಾಗಿಯೂ ಕೇಳಿದಳು. ಇರುವವರಿಗೆಲ್ಲ ಮನೆಯಿದೆಯಲ್ಲ, ಇನ್ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ ಎಂದು ಕೇಳುತ್ತಲೇ ಹೋದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕಚೇರಿಗೆ ಹೋಗಿ ಕೇಳಿದೆವು. ಒಪ್ಪಿ ಒತ್ತಿದ ಹೆಬ್ಬೆಟ್ಟು ವಾಪಸು ಬರುವುದಿಲ್ಲವೆಂದರು.

ವಾರವಾದ ಮೇಲೆ ಬೆಳ್ಳಮ್ಮ ಬಂದಳು. ಬಳೆಗಾರನಿಂದ ಸುದ್ದಿ ತಿಳಿದು, ಯಾರನ್ನೂ ಕೇಳದೆ ಹೊರಟು, ಕೆಟ್ಟು ನಿಂತ ಬಸ್ಸನ್ನು ಅರ್ಧ ದಾರಿಯಲ್ಲಿ ಬಿಟ್ಟು ನಡೆದು ಬಂದಿದ್ದಳು. ಹಬ್ಬಕ್ಕೆ ಬರಲಾಗದವಳು ಇದಕ್ಕೆ ಬಂದಳಲ್ಲ ಎಂದು ಅವ್ವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆಳ್ಳಮ್ಮ ನೀರು ಕೂಡ ಕುಡಿಯದೆ ನೇರ ಹೊಲಕ್ಕೆ ನಡೆದಳು. ನಾವಿಬ್ಬರೂ ಹಿಂದೆ ಹೋದೆವು.

ಕಲ್ಲುಗಳ ನಡುವೆ ನಿಂತು ಅವಳು ಹೇಳಿದಳು: “ನಮ್ಮತ್ತೆ ವಡ್ದಾಗೆಲ್ಲ ಅಂತಿದ್ದೆ ಕಣವ್ವ, ನಮ್ಮವ್ವಂದು ಒಲ ಅದೆ, ನಾ ಓಯ್ತೀನಿ ಅಂತ. ಅಂಗಂದ್ರೆ ಸುಮ್ನಾಗೋಳು. ಇನ್ಮೇಕೆ ಏನಂತ ಅನ್ಲಿ?”

ಅತ್ತೆ ಹೊಡೆಯುತ್ತಾಳೆಂದು ಪುಟ್ಟಮಾದಮ್ಮನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಗಳ ಮುಖವನ್ನೇ ನೋಡುತ್ತ ನಿಂತಳು. ನೀನು ಬರಲಿ ಅಂತಲೇ ಕೊಟ್ಟೆ ಎಂದಷ್ಟೇ ಅಂದಳು.

“ಟೇಸನ್ ಅಂತ ನಿಂಗೆ ಏಳ್ದೋರು ಯಾರವ್ವ?”

ಪುಟ್ಟಮಾದಮ್ಮ ನನ್ನ ಕಡೆ ತಿರುಗಲಿಲ್ಲ.

“ಯಾರೂ ಏಳ್ಲಿಲ್ಲ ಕಣ್ಮಗ. ನಂಗೆ ಕಿವಿ ಮಂದ ಆಗದೆ. ನಾನೇ ತೆಪ್ಪಾಗಿ ಕೇಳುಸ್ಕೊಂಡೆ.”

ಆಕೆಯ ಕಿವಿಗೆ ಏನೂ ಆಗಿರಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ, ಹೇಳಬಹುದಿತ್ತು, ಹೇಳಲಿಲ್ಲ. ಬೆಳ್ಳಮ್ಮ ಅವ್ವನ ಮಾತನ್ನೇ ನಂಬಿದಳು. ಹತ್ತಿರ ಹೋಗಿ, ಅವ್ವನ ಕಿವಿಗೆ ಬಾಯಿಟ್ಟು, ಅಳಬೇಡವೆಂದು ಜೋರಾಗಿ ಕೂಗಿ ಹೇಳಿದಳು. ಎರಡು ದಿನ ಇದ್ದಳು. ಇದ್ದಷ್ಟು ಹೊತ್ತೂ ಕೂಗಿಯೇ ಮಾತಾಡಿದಳು. ಪುಟ್ಟಮಾದಮ್ಮ ಒಂದೊಂದು ಮಾತಿಗೂ ಆ? ಆ? ಎಂದು ಎರಡೆರಡು ಸಲ ಹೇಳಿಸಿಕೊಂಡು ತಲೆಯಾಡಿಸುತ್ತಿದ್ದಳು, ನನ್ನ ಸಲುವಾಗಿ.