ಖಾಲಿ ತೊಟ್ಟಿಲು ತೂಗಿದ ದಿನ

ಕಳೆದ ವರ್ಷದ ಶ್ರಾವಣದಲ್ಲಿ, ಕಲಘಟಗಿ ಸಮೀಪದ ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ, ನಿವೃತ್ತ ಅಧ್ಯಾಪಕನಾದ ನಾನು ಇತಿಹಾಸ ಸಂಘವನ್ನು ಆರಂಭಿಸಿದ ಸಂದರ್ಭವದು. ಮೊದಲ ಶನಿವಾರ ಚಾಲುಕ್ಯರನ್ನು ಕುರಿತು ಮಾತನಾಡಿ, ಶಾಸನದ ಅಕ್ಷರವನ್ನು ಅಳಿಸುವುದು ಮಹಾಪಾಪವೆಂದು ಉಪದೇಶಿಸಿದೆ. ಎರಡನೆಯ ಶನಿವಾರ ಬಂದವರು ನಾಲ್ವರೇ. ಇದೇ ಊರಿನವರಾದ ಹೆಡ್‌ಮಾಸ್ತರರು, "ಇನ್ನೊಂದು ವಾರ ನೋಡೂಣ್ರಿ, ಆಗದಿದ್ರ ಬಿಟ್ಟಬಿಡೂಣು" ಎಂದರು.

ನಾಲ್ವರಲ್ಲೊಬ್ಬಳಾದ ಸಹನಾ ಕೇಳಿದಳು: "ಅಜ್ಜಾರ, ಆ ಚಾಲುಕ್ಯ ರಾಜಾ ನಮ್ಮೂರಾಗ ಯಾರ ಮನ್ಯಾಗ ಇಳದಿದ್ದನ್ರಿ?"

ನಿಮ್ಮ ಮನೆಯಲ್ಲಿ ಅತ್ಯಂತ ಹಳೆಯ ವಸ್ತು ಯಾವುದೆಂದು ನಾನೇ ತಿರುಗಿ ಕೇಳಿದೆ.

"ತೊಟ್ಟಿಲ್ರಿ" ಎಂದು ನಮ್ಮೆಲ್ಲರನ್ನೂ ಮನೆಗೆ ಕರೆದೊಯ್ದಳು.

ಬಣ್ಣ ಮಾಸಿದ ಆ ತೊಟ್ಟಿಲನ್ನು ಪರೀಕ್ಷಿಸುವ ಉತ್ಸಾಹದಲ್ಲಿ ತೂಗಿಬಿಟ್ಟೆ. ಅವಳ ಅಜ್ಜಿ ಗದರಿದರು: "ಖಾಲಿ ತೊಟ್ಟಿಲಾ ತೂಗತಾರೇನ್ರಿ? ಇಷ್ಟ ಓದಿ ಏನ ಕಲತ್ರಿ?"

ತಪ್ಪೊಪ್ಪಿಕೊಂಡು, ಇದರಲ್ಲಿ ಮಲಗಿದವರು ಯಾರ್ಯಾರೆಂದು ವಿಚಾರಿಸಿದೆ. ಊರೆಲ್ಲ ಎರವಲು ಒಯ್ದ ತೊಟ್ಟಿಲದು. ಅಜ್ಜಿ ಮನೆಮನೆಯ ಹೆಸರು ಹೇಳಿದರು, ಮಕ್ಕಳು ಬರೆದುಕೊಂಡರು. "ನಿಮ್ಮ ಹೆಡ್‌ಮಾಸ್ತರನೂ ಇದರಾಗ ಮಲಗ್ಯಾನ. ಅಗದಿ ಅಳಬುರುಕ." ಅದನ್ನೂ ಬರೆದುಕೊಂಡರು.

ಮುಂದಿನ ಶನಿವಾರ, ತಮ್ಮ ಮನೆಯವರ ಹೆಸರಿದೆಯೇ ಎಂದು ನೋಡಲು ಬಂದ ಮಕ್ಕಳಿಗೆ ಕೋಣೆ ಸಾಲದಾಯಿತು. ಹೆಡ್‌ಮಾಸ್ತರರು ಪಟ್ಟಿಯನ್ನು ಎರಡು ಸಲ ಓದಿ, "ಆ ಕಡೀ ಶಬ್ದ ಅಳಸಬಹುದೇನ?" ಎಂದರು.

"ಅಕ್ಷರಾ ಅಳಸಿದ್ರ ಮಹಾಪಾಪಂತ ಅಜ್ಜಾರು ಹೇಳ್ಯಾರ್ರಿ ಸರ್" ಎಂದಳು ಸಹನಾ.

ನನ್ನ ಉಪನ್ಯಾಸವನ್ನು ಒಬ್ಬಳಾದರೂ ಕೇಳಿದ್ದಳು. ಶಬ್ದ ಉಳಿಯಿತು, ಸಂಘವೂ ಉಳಿಯಿತು. ಚಾಲುಕ್ಯರ ಸರದಿ ಮಾತ್ರ ಮತ್ತೆ ಬಂದಿಲ್ಲ.