ಶೀನಪ್ಪ ಕಟ್ಟಿದ ವಾಲ್ಸ್

ಇಪ್ಪತ್ತು ವರ್ಷಗಳಿಂದ ದುಬೈಯಲ್ಲಿ ಊರುಗಳನ್ನು ಕಟ್ಟುತ್ತ ಬಂದಿದ್ದ ಶೀನಪ್ಪನಿಗೆ, ಭೂಮಿಯ ಮೇಲೆ ನಿಜವಾಗಿ ಇರುವ ಊರೊಂದನ್ನು ಕಟ್ಟುವ ಕೆಲಸ ಬಂದದ್ದು ೨೦೧೪ರಲ್ಲೇ ಮೊದಲು. ಅವನ ತಲೆ ಪೂರ್ತಿ ಕೆಟ್ಟದ್ದೂ ಆಗಲೇ.

ಅವನು ಕಟ್ಟುತ್ತಿದ್ದದ್ದು ಇಟ್ಟಿಗೆ ಸಿಮೆಂಟಿನಲ್ಲಲ್ಲ. ಅಲ್ ಕೂಝ್‌ನ ಗೋದಾಮುಗಳ ನಡುವೆ ಹುಸೈನ್ ಎಂಬ ಭಟ್ಕಳದವನ ಮಾಡೆಲ್ ವರ್ಕ್‌ಶಾಪ್ ಇತ್ತು. ಅವನ ಅಪ್ಪ ಕಟ್ಟಿ ಬೆಳೆಸಿದ್ದನ್ನು ಈಗ ಅವನು ನಡೆಸುತ್ತಿದ್ದ. ಹೊಸ ಟವರು, ಹೊಸ ವಿಲ್ಲಾ ಬಡಾವಣೆ ಮಾರುವವರಿಗೆ ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಮಾಡೆಲ್ ಮಾಡಿಕೊಡುವುದು ಅಲ್ಲಿಯ ಕಸುಬು. ಶೀನಪ್ಪ ಮಂಗಳೂರಲ್ಲಿ ಬಸ್ಸುಗಳಿಗೆ ಬೋರ್ಡು ಬರೆಯುತ್ತಿದ್ದವನು. ಕೈ ಚೆನ್ನಾಗಿದೆ ಎಂದು ಯಾರೋ ಕರೆತಂದರು. ಬಂದವನು ಅಂಗುಲದಷ್ಟು ಎತ್ತರದ ಖರ್ಜೂರದ ಮರ, ಉಗುರಿನಷ್ಟಗಲದ ಈಜುಕೊಳ ಮಾಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡ. ೨೦೦೮ರ ಕೊನೆಗೆ ವ್ಯಾಪಾರ ಕುಸಿದಾಗ ಅವನು ಮಾಡಿದ ಎಷ್ಟೋ ಟವರುಗಳು ಮರಳಿನ ಮೇಲೆ ಏಳಲೇ ಇಲ್ಲ. ಅವುಗಳ ಮಾಡೆಲ್‌ಗಳು ಮಾತ್ರ ವರ್ಕ್‌ಶಾಪಿನ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದವು. ಶೀನಪ್ಪನಿಗೆ ಅದರ ಬಗ್ಗೆ ದುಃಖವಿರಲಿಲ್ಲ. ಇಲ್ಲದ ಕಟ್ಟಡದಲ್ಲಿ ಒಂದು ದೊಡ್ಡ ಸುಖವಿದೆ, ಯಾರೂ ಬಂದು "ಅದು ಹಾಗಿಲ್ಲ, ಹೀಗಿದೆ" ಎಂದು ತಕರಾರು ಮಾಡುವಂತಿಲ್ಲ.

ತಕರಾರು ಮಾಡುವವಳು ಎಮಿಲಿಯಾ ಎಂಬ ಹೆಸರಿನಲ್ಲಿ ಬಂದಳು. ಡಚ್ ಹೆಂಗಸು, ಇಲ್ಲಿಯ ಕುಟುಂಬಗಳನ್ನು ಬೇಸಿಗೆ ರಜೆಗೆ ಯುರೋಪಿಗೆ ಕಳಿಸುವ ಸಣ್ಣ ಕಂಪೆನಿ ಅವಳದು. ಪ್ರವಾಸೋದ್ಯಮದ ಮೇಳದಲ್ಲಿ ಸ್ಟಾಲ್ ಹಾಕುವವಳಿದ್ದಳು. ಅದರ ನಡುವೆ ತನ್ನ ಹುಟ್ಟೂರು ವಾಲ್ಸ್‌ನ ಮಾಡೆಲ್ ಇಡಬೇಕೆಂಬುದು ಅವಳ ಆಸೆ. ನೆದರ್‌ಲ್ಯಾಂಡ್ಸ್ ಎಂದರೆ ಚಪ್ಪಟೆ ದೇಶ. ಅದರ ದಕ್ಷಿಣದ ತುದಿಯಲ್ಲಿ ಮಾತ್ರ ಗುಡ್ಡಗಾಡು, ಆ ಗುಡ್ಡಗಾಡಿನ ಮೂಲೆಯಲ್ಲಿ ಈ ಸಣ್ಣ ಪುರಸಭೆ. ಅಲ್ಲಿಯ ಗುಡ್ಡದ ನೆತ್ತಿಯಲ್ಲಿ ಮೂರು ದೇಶಗಳ ಗಡಿ ಒಂದೇ ಕಡೆ ಸೇರುತ್ತದೆ.

ಕೆಲಸ ಶೀನಪ್ಪನ ಪಾಲಿಗೆ ಬಂತು. ಅವಳು ಕೊಟ್ಟ ನಕಾಶೆ ನೋಡಿ ಫೋಮ್ ಹಾಳೆಗಳನ್ನು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಉಜ್ಜಿ ನಯ ಮಾಡಿದ. ಮುಗಿದಾಗ, ಮಂಚದಷ್ಟು ದೊಡ್ಡ ಹಲಗೆಯ ಮೇಲೆ ಗುಡ್ಡ ಎದ್ದದ್ದು ನಾಲ್ಕು ಬೆರಳಿನಷ್ಟು.

ಹುಸೈನ್ ಬಂದು ಹಲಗೆಗೆ ಒಂದು ಸುತ್ತು ಹಾಕಿದ. "ಶೀನಪ್ಪಣ್ಣ, ಗುಡ್ಡೆ ಎಲ್ಲಿ?"

"ಇದೇ ಗುಡ್ಡೆ."

"ಇದಾ? ನಮ್ಮ ಭಟ್ಕಳದಲ್ಲಿ ಇದಕ್ಕೆ ಯಾರೂ ಹೆಸರೂ ಇಡುವುದಿಲ್ಲ ಮಾರಾಯ್ರೇ."

"ಮುನ್ನೂರ ಇಪ್ಪತ್ತೆರಡು ಮೀಟರಂತೆ. ನಾನೆಂತ ಮಾಡುವುದು? ಅಳತೆ ಹಾಗೆ ಉಂಟು."

"ನಮ್ಮ ಬುರ್ಜ್ ಟವರಿನ ಅರ್ಧವೂ ಇಲ್ಲವಲ್ಲ! ಇದನ್ನು ನೋಡಲಿಕ್ಕೆ ಯಾರು ವಿಮಾನ ಹತ್ತುತ್ತಾರೆ? ಸ್ವಲ್ಪ ಏರಿಸಿ. ಮೂರು ಪಟ್ಟು ಮಾಡಿ. ಖಲಾಸ್."

"ಆಯಮ್ಮ ಒಪ್ಪುತ್ತಾರಾ?"

"ಅವರಿಗೆ ಖುಷಿ ಆಗ್ತದೆ. ಯಾರಿಗೆ ತಮ್ಮೂರಿನ ಗುಡ್ಡೆ ದೊಡ್ಡದಾದರೆ ಬೇಜಾರು?"

ಶೀನಪ್ಪ ಏರಿಸಿದ. ಏರಿಸಿದ ಮೇಲೆ ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದ. ಹಾಲೆಂಡ್ ಎಂದರೆ ಇದೇ ಎಂದುಕೊಂಡು ಎರಡು ಗಾಳಿಗಿರಣಿ ನಿಲ್ಲಿಸಿದ. ಇಳಿಜಾರಿನ ತುಂಬ ಕೆಂಪು ಹಳದಿ ಟುಲಿಪ್ ಹೊಲ ಬಳಿದ. ನೋಡಲು ಸೊಗಸಾಗಿತ್ತು. ಆ ದಿನ ಬಹಳ ಸಂತೋಷದಿಂದ ಕೈ ತೊಳೆದು ಮನೆಗೆ ಹೋದ.

ಎಮಿಲಿಯಾ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಮಿಸ್ಟರ್ ಶೀನಪ್ಪ, ಇದು ಯಾವ ಊರು?"

"ವಾಲ್ಸ್, ಮೇಡಂ."

"ನಾನು ಕೊಟ್ಟ ಫೋಟೋಗಳಲ್ಲಿ ಗಾಳಿಗಿರಣಿ ಎಲ್ಲಿ ಕಂಡಿರಿ? ಟುಲಿಪ್ ಎಲ್ಲಿ ಕಂಡಿರಿ? ಮತ್ತೆ ಈ ಬೆಟ್ಟ! ಇದನ್ನು ನೋಡಿ ಬಂದವರು ಅಲ್ಲಿಳಿದ ಮೇಲೆ ನನ್ನ ಕುತ್ತಿಗೆ ಹಿಡಿಯುವುದಿಲ್ಲವೇ?"

ಹುಸೈನ್ ಆಗ ಫೋನಿನಲ್ಲಿ ಯಾರೊಂದಿಗೋ ತುಂಬಾ ಬ್ಯುಸಿಯಾದ.

ಅವಳು ಕುರ್ಚಿ ಎಳೆದುಕೊಂಡು ಕೂತು ಊರಿನ ಕಥೆ ಹೇಳತೊಡಗಿದಳು. ಶೀನಪ್ಪ ಗಾಳಿಗಿರಣಿ ಕೀಳುತ್ತ ಕೇಳಿದ. ಪಕ್ಕದ ಜರ್ಮನ್ ಪಟ್ಟಣ ಆಖೆನ್‌ನಲ್ಲಿ ಒಂದು ಕಾಲಕ್ಕೆ ಪ್ರೊಟೆಸ್ಟಂಟರಿಗೆ ಪ್ರಾರ್ಥನೆಗೆ ಜಾಗವಿರಲಿಲ್ಲವಂತೆ. ಅವರು ಭಾನುವಾರ ಗಡಿ ದಾಟಿ ವಾಲ್ಸ್‌ಗೆ ಬಂದು ಪ್ರಾರ್ಥನೆ ಮಾಡಿ ಹಿಂದೆ ಹೋಗುತ್ತಿದ್ದರಂತೆ. ಹಾಗಾಗಿ ಅಷ್ಟು ಸಣ್ಣ ಊರಿಗೆ ಅಷ್ಟೊಂದು ಚರ್ಚು. ಆಮೇಲೆ ಕ್ಲೆರ್ಮಾಂಟ್ ಎಂಬ ಬಟ್ಟೆ ವ್ಯಾಪಾರಿ ಆಖೆನ್‌ನ ಕಿರಿಕಿರಿ ಸಾಕಾಗಿ ಉದ್ಯಮವನ್ನೇ ಎತ್ತಿಕೊಂಡು ವಾಲ್ಸ್‌ಗೆ ಬಂದ. ಅವನು ಕಟ್ಟಿಸಿದ ದೊಡ್ಡ ಮನೆ ಈಗಲೂ ಊರ ನಡುವೆ ನಿಂತಿದೆ.

ಶೀನಪ್ಪನಿಗೆ ಕಥೆಯಲ್ಲಿ ತಕರಾರಿರಲಿಲ್ಲ. ಪ್ರತಿ ಕಥೆಯ ಕೊನೆಗೂ "ಅದನ್ನೂ ಸೇರಿಸಿ" ಎಂಬ ಮಾತು ಬರುತ್ತಿತ್ತಲ್ಲ, ಅದರಲ್ಲಿತ್ತು. ಲೂಥರನ್ನರ ಹಳೆಯ ಚರ್ಚಿಗೆ ಎಂಟು ಮೂಲೆ. ವಾಲ್ಸ್‌ಬ್ರೂಕ್ ಕೋಟೆಮನೆಯ ಪಕ್ಕ ಕೊಳ. ಸನ್ಯಾಸಿಗಳ ಮಠ. ಗುಡ್ಡದ ಮೇಲೆ ಬೇಲಿಗಿಡಗಳಲ್ಲಿ ಮಾಡಿದ ಚಕ್ರವ್ಯೂಹ. ಅದರ ಓಣಿಗಳನ್ನು ಸೂಜಿಯಲ್ಲಿ ಕೊರೆಯುವಾಗ ಶೀನಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಅಷ್ಟೂ ಆದ ಮೇಲೆ ಅವಳು ಇನ್ನೊಂದು ತಂದಳು. ಮೂರು ದೇಶ ಸೇರುವ ಜಾಗದಲ್ಲಿ ಹಿಂದೆ ನಾಲ್ಕು ಸೇರುತ್ತಿದ್ದವಂತೆ. ಪಕ್ಕದಲ್ಲಿ ಸತುವಿನ ಗಣಿಯಿತ್ತು. ನೆಪೋಲಿಯನ್ ಸೋತ ಮೇಲೆ ಅದು ನಮಗೆ, ನಮಗೆ ಎಂದು ಎರಡು ರಾಜ್ಯಗಳು ಜಗ್ಗಾಡಿ, ಕೊನೆಗೆ ಯಾರಿಗೂ ಸೇರದ ತುಂಡು ನೆಲವೆಂದು ಬಿಟ್ಟವು. ಮೊರೆಸ್ನೆಟ್ ಎಂದು ಹೆಸರು. ಮೊದಲ ಮಹಾಯುದ್ಧದ ನಂತರ ಅದು ಬೆಲ್ಜಿಯಂ ಪಾಲಾಯಿತು.

"ಆ ನಾಲ್ಕನೆಯದನ್ನೂ ತೋರಿಸಬಹುದಲ್ಲ?"

"ಈಗ ಇಲ್ಲದ್ದನ್ನು?" ಶೀನಪ್ಪ ಕೇಳಿದ.

"ಹೌದು. ಇತಿಹಾಸ."

"ಮೇಡಂ, ಮೊನ್ನೆ ಇಲ್ಲದ್ದನ್ನು ಹಾಕಿದ್ದಕ್ಕೆ ಬೈದಿರಿ."

ಎಮಿಲಿಯಾಳಿಗೆ ನಗು ಬಂತು. ಶೀನಪ್ಪನಿಗೆ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಲೋಲಾಕ್ಷಿಗೂ ಈ ಗುಡ್ಡದ ಪುರಾಣ ಕೇಳಿ ಸಾಕಾಗಿತ್ತು. ಅವಳು ಬರ್ ದುಬೈಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ತೋರಿಸಿ ಮಡಚಿಟ್ಟು ಬಂದವಳು. "ನಿಮಗೊಬ್ಬಳೇ ಆಯಮ್ಮ. ನನಗೆ ದಿನಕ್ಕೆ ಐವತ್ತು ಎಮಿಲಿಯಾ ಬರ್ತಾರೆ. ಸುಮ್ಮನೆ ಉಣ್ಣಿ," ಎಂದಳು. ಮಗಳು ಅಕ್ಷಿತಾ ಅಪ್ಪನ ಮೊಬೈಲಿನಲ್ಲಿದ್ದ ನಿಜವಾದ ಗುಡ್ಡದ ಫೋಟೋ ನೋಡಿ, "ಪಪ್ಪಾ, ದಟ್ಸ್ ನಾಟ್ ಈವನ್ ಎ ಹಿಲ್," ಎಂದು ತನ್ನ ಕೋಣೆಗೆ ಹೋದಳು. ಅವನಿಗೆ ಯಾಕೋ ತನ್ನನ್ನೇ ಅಂದಂತೆ ಸಿಟ್ಟು ಬಂತು. "ನಿನಗೆಂತ ಗೊತ್ತು? ಆ ದೇಶಕ್ಕೆ ಅದೇ ಎಲ್ಲಕ್ಕಿಂತ ದೊಡ್ಡದು!" ಎಂದು ಮುಚ್ಚಿದ ಬಾಗಿಲಿಗೆ ಕೂಗಿದ.

ಆ ಸಮಾಧಾನವೂ ಉಳಿಯಲಿಲ್ಲ. "ನೆದರ್‌ಲ್ಯಾಂಡ್ಸ್‌ನ ಅತಿ ಎತ್ತರದ ಸ್ಥಳ" ಎಂದು ಹಿತ್ತಾಳೆ ಫಲಕ ಕೆತ್ತಿಸಿ ತಂದಿದ್ದರು. ಅದನ್ನು ನೋಡಿ ಎಮಿಲಿಯಾ ನಾಲಿಗೆ ಕಚ್ಚಿಕೊಂಡಳು. ೨೦೧೦ರಲ್ಲಿ ಕೆರಿಬಿಯನ್ ಸಮುದ್ರದ ಸಾಬಾ ಎಂಬ ದ್ವೀಪವನ್ನು ನೆದರ್‌ಲ್ಯಾಂಡ್ಸ್‌ನ ಪುರಸಭೆಯಾಗಿ ಸೇರಿಸಿದ್ದಾರಂತೆ. ಅಲ್ಲಿಯ ಬೆಟ್ಟ ಇದಕ್ಕಿಂತ ಎಷ್ಟೋ ಎತ್ತರ. ಈಗ ವಾಲ್ಸ್‌ನದು ಯುರೋಪಿನೊಳಗಿನ ನೆದರ್‌ಲ್ಯಾಂಡ್ಸ್‌ಗೆ ಮಾತ್ರ ದೊಡ್ಡದು.

ಶೀನಪ್ಪ ಫಲಕವನ್ನು ಮೇಜಿನ ಮೇಲೆ ಬಡಿದಿಟ್ಟ. "ಇದೆಂತ ಊರು ಮಾರಾಯ್ರೇ! ದೇಶ ನಾಲ್ಕಿದ್ದದ್ದು ಮೂರಾಯಿತು. ದೊಡ್ಡದಿದ್ದದ್ದು ಸಣ್ಣದಾಯಿತು. ಒಂದು ಕಡೆ ನಿಲ್ಲುವುದೇ ಇಲ್ಲವಾ?"

ಇಷ್ಟೆಲ್ಲದರ ನಡುವೆ ಗುಡ್ಡ ಇನ್ನೂ ಮೂರು ಪಟ್ಟಿನಲ್ಲೇ ನಿಂತಿತ್ತು. ಹುಸೈನ್ ಪಟ್ಟು ಬಿಟ್ಟಿರಲಿಲ್ಲ. "ಆಯಮ್ಮನಿಗೆ ನಾನು ಹೇಳ್ತೇನೆ, ನೀವು ಮುಟ್ಟಬೇಡಿ. ಮೇಳದಲ್ಲಿ ನಮ್ಮ ಹೆಸರು ಹಾಕ್ತಾರೆ. ನೆಲಕ್ಕೆ ಅಂಟಿದ ಮಾಡೆಲ್ ನೋಡಿ ನಾಳೆ ನಮಗೆ ಯಾರು ಕೆಲಸ ಕೊಡ್ತಾರೆ?" ಎಮಿಲಿಯಾ ದಿನವೂ ಬಂದು ಗುಡ್ಡವನ್ನು ನೋಡಿ, ಶೀನಪ್ಪನನ್ನು ನೋಡಿ ಹೋಗುತ್ತಿದ್ದಳು. ಬೈದಿದ್ದರೂ ಆಗುತ್ತಿತ್ತು.

ಮೇಳಕ್ಕೆ ಸಾಗಿಸುವ ಹಿಂದಿನ ದಿನ ಮಧ್ಯಾಹ್ನ ಅವಳು ಬಂದು ಊರಿನ ಒಂದು ಬೀದಿಯ ಮೇಲೆ ಬೆರಳಿಟ್ಟಳು. "ಇಲ್ಲಿಂದ ಗುಡ್ಡದ ತುದಿಗೆ ನನ್ನ ಅಜ್ಜಿ ನಡೆದು ಹೋಗುತ್ತಿದ್ದರು. ಎಂಬತ್ತು ದಾಟಿದ ಮೇಲೂ. ನೀವು ಮಾಡಿದ ಈ ಬೆಟ್ಟವನ್ನು ನನ್ನ ಅಜ್ಜಿಗೆ ಹತ್ತಲಿಕ್ಕೆ ಆಗುವುದಿಲ್ಲ."

ಅವಳು ಹೋದ ಮೇಲೆ ಶೀನಪ್ಪ ಬಹಳ ಹೊತ್ತು ತನ್ನಷ್ಟಕ್ಕೇ ಗೊಣಗುತ್ತಿದ್ದ. ಅಜ್ಜಿಯಂತೆ, ಅಜ್ಜಿ. ಟವರಿನ ಮಾಡೆಲ್ ಮಾಡಿದರೆ ಯಾವ ಅಜ್ಜಿಯೂ ಬರುವುದಿಲ್ಲ. ಆಮೇಲೆ ಎದ್ದು, ಫೋಮ್ ಕೊಯ್ಯುವ ಬಿಸಿ ತಂತಿಯ ಸ್ವಿಚ್ ಹಾಕಿದ.

ವಾಸನೆ ಬಂದು ಹುಸೈನ್ ಓಡಿ ಬಂದ. "ಏಯ್! ಎಂತ ಮಾಡ್ತಾ ಇದ್ದೀರಿ?"

"ಗುಡ್ಡೆ ಕೊಯ್ತಾ ಇದ್ದೇನೆ."

"ನಾನು ಬೇಡ ಹೇಳಿದೆನಲ್ಲ?"

"ಹೇಳಿದಿರಿ. ಇಷ್ಟು ವರ್ಷ ನೀವು ಹೇಳಿದಲ್ಲೆಲ್ಲ ಮಹಡಿ ಏರಿಸಿದೆ, ಸಮುದ್ರ ಹತ್ತಿರ ತಂದೆ. ಒಂದಾದರೂ ಬೇಡ ಅಂದಿದ್ದೇನಾ? ಇದರಲ್ಲಿ ಮನುಷ್ಯರು ನಡೆದುಕೊಂಡು ಹೋಗ್ತಾರೆ. ಇದು ನನ್ನಿಂದ ಆಗುವುದಿಲ್ಲ."

ಹುಸೈನ್ ಬಾಯಿ ತೆರೆದ. ಅಷ್ಟರಲ್ಲಿ ಗುಡ್ಡದ ತಲೆ ಕಳಚಿ ಶೀನಪ್ಪನ ಕೈಗೆ ಬಂದಿತ್ತು. ಇನ್ನು ಬೈದರೆ ಮಾಡೆಲ್ ತಲೆಯಿಲ್ಲದೆ ಮೇಳಕ್ಕೆ ಹೋಗುತ್ತದೆಂದು ಅವನಿಗೂ ಹೊಳೆಯಿತು. "ಯಲ್ಲಾ, ಬೇಗ ಮುಗಿಸಿ," ಎಂದು ಹಣೆ ಒರೆಸಿಕೊಳ್ಳುತ್ತ ಹೊರಗೆ ಹೋದ. ಆ ದಿನ ಮತ್ತೆ ಒಳಗೆ ಬರಲಿಲ್ಲ. ಸಂಜೆ ಎರಡು ಕಡಕ್ ಚಹಾ ಮಾತ್ರ ಕಳಿಸಿದ.

ಮೇಳದಲ್ಲಿ ಹುಸೈನ್ ಹೆದರಿದ ಹಾಗೆಯೇ ಆಯಿತು. ಜನ ಬಂದರು, ಬಗ್ಗಿದರು, "ಬೆಟ್ಟ ಎಲ್ಲಿ?" ಎಂದರು. ಏನಾದರೂ ಕಳಚಿದರೆ ಅಂಟಿಸಲು ಶೀನಪ್ಪನನ್ನು ಅಲ್ಲಿ ನಿಲ್ಲಿಸಿದ್ದರು. ಎಮಿಲಿಯಾ ಅತ್ತಿತ್ತ ಹೋದಾಗಲೆಲ್ಲ ಉತ್ತರ ಹೇಳುವ ಕರ್ಮ ಅವನದಾಯಿತು. ಹಿಂದಿ, ಅರ್ಧ ಅರಬಿ, ಬಾಕಿ ಇಂಗ್ಲಿಷಿನಲ್ಲಿ ಹೇಳಿದ. ಗಡಿಯಲ್ಲಿ ಪಾಸ್‌ಪೋರ್ಟ್ ಸೀಲ್ ಎಲ್ಲಿ ಹಾಕುತ್ತಾರೆ ಎಂದು ಒಬ್ಬ ಕೇಳಿದ. "ಮಾಫಿ," ಎಂದು ಅರಬಿಯಲ್ಲಿ ಇಲ್ಲವೆಂದು ಹೇಳಿ, "ಸೀಲ್ ಇಲ್ಲ. ಆಫೀಸರ್ ಇಲ್ಲ. ಒಂದು ಕಲ್ಲುಂಟು ಅಷ್ಟೆ," ಎಂದ. ಆ ಮನುಷ್ಯ ನಂಬಲಿಲ್ಲ. ಶೀನಪ್ಪನಿಗೆ ತಾನು ಹೇಳಿದ್ದರಲ್ಲಿ ತನಗೂ ಪೂರ್ತಿ ನಂಬಿಕೆಯಿಲ್ಲ ಎನಿಸಿತು.

ಎರಡನೆಯ ದಿನ ಒಬ್ಬ ಡಚ್ ಮುದುಕ ಬಂದ. ಅಬುಧಾಬಿಯಲ್ಲಿರುವ ಮಗಳ ಮನೆಗೆ ಬಂದಿದ್ದವನು. ಗಾಜಿಗೆ ಮೂಗು ತಾಗಿಸಿ ಸುತ್ತ ಬಂದು, ಶೀನಪ್ಪನ ಕಡೆ ತಿರುಗಿದ.

"ನನ್ನ ಮನೆ ಇಲ್ಲಿ ಇಲ್ಲ."

"ಎಲ್ಲಾ ಮನೆ ಹಾಕ್ಲಿಕ್ಕೆ ಆಗುವುದಿಲ್ಲ ಸಾರ್."

"ಪಕ್ಕದವನದು ಇದೆ. ಆಚೆಯವನದೂ ಇದೆ. ನನ್ನದು ಮಾತ್ರ ಇಲ್ಲ. ಹುಲ್ಲು ಹಾಕಿದ್ದೀರಿ."

ಮುದುಕ ಸಿಟ್ಟು ಮಾಡಲಿಲ್ಲ, ಜಾಗವನ್ನೂ ಬಿಡಲಿಲ್ಲ. ಶೀನಪ್ಪ ಉಸ್ಸೆಂದು ಚೀಲ ಬಿಚ್ಚಿದ. ಅಳಿದುಳಿದ ಫೋಮಿನಲ್ಲಿ ಜೋಳದ ಕಾಳಿನಷ್ಟು ಮನೆ ಕತ್ತರಿಸಿದ. ಮಾಡು ಯಾವ ಬಣ್ಣ? ಕೆಂಪು. ಬಾಗಿಲು? ಹಸಿರು. "ಬಾಗಿಲು ಕಾಣುವುದೇ ಇಲ್ಲ ಸಾರ್!" "ಆದರೂ ಹಸಿರು." ಸೂಜಿಯ ಮೊನೆಯಲ್ಲಿ ಹಸಿರು ಚುಕ್ಕೆ ಇಟ್ಟು, ಗಾಜು ಸರಿಸಿ, ಚಿಮಟದಲ್ಲಿ ಮನೆಯನ್ನು ಹುಲ್ಲಿನ ಮೇಲೆ ಕೂರಿಸಿದ.

ಮುದುಕ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಇಲ್ಲಿ ನಾನು ಹುಟ್ಟಿದ್ದು," ಎಂದ. ಶೀನಪ್ಪ, "ಅಂಟು ಒಣಗಬೇಕು, ಗಾಜು ಮುಟ್ಟಬೇಡಿ," ಎಂದ. ತನ್ನ ಕೈಯಲ್ಲಿ ಆದ ಸಾವಿರಾರು ಕಿಟಕಿಗಳ ಒಳಗೆ ಯಾರೋ ಹುಟ್ಟಿದ್ದಾರೆಂದು ಯಾರೂ ಹೇಳಿದ್ದಿಲ್ಲ. ಅವನು ಚಹಾ ಕುಡಿಯಲು ಹೋದವನು ಸ್ವಲ್ಪ ತಡಮಾಡಿಯೇ ಬಂದ.

ಮೇಳದಿಂದ ಎಮಿಲಿಯಾಳಿಗೆ ಹೇಳಿಕೊಳ್ಳುವಂಥ ಗಿರಾಕಿಗಳೇನೂ ಸಿಗಲಿಲ್ಲ. ವರ್ಷದೊಳಗೆ ಅವಳು ಕಂಪೆನಿ ಮುಚ್ಚಿ ಊರಿಗೆ ಹೊರಟಳು. ಅಷ್ಟು ದೊಡ್ಡ ಮಾಡೆಲನ್ನು ವಿಮಾನದಲ್ಲಿ ಒಯ್ಯಲು ಆಗಲಿಲ್ಲ. ಹುಸೈನ್ ಅದನ್ನು ಅಬುಧಾಬಿ ಪಕ್ಕದ ಬನಿಯಾಸ್‌ನಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ ತನ್ನ ಸಂಬಂಧಿಕನಿಗೆ ಕೊಟ್ಟ.

ಕೆಲವು ವರ್ಷಗಳ ನಂತರ ಲೋಲಾಕ್ಷಿಯ ದವಡೆ ಹಲ್ಲು ಕೆಟ್ಟಿತು. ದುಬೈಯಲ್ಲಿ ಬೇಕಾದಷ್ಟು ವೈದ್ಯರಿದ್ದರೂ ಶೀನಪ್ಪ ಅಷ್ಟು ದೂರ ಬನಿಯಾಸ್‌ಗೇ ಅವಳನ್ನು ಕರೆದೊಯ್ದ. ದಾರಿಯುದ್ದಕ್ಕೂ ಅವಳು ಕೆನ್ನೆ ಹಿಡಿದುಕೊಂಡೇ ಬೈದಳು. ಕಾಯುವ ಕೋಣೆಯ ಮೂಲೆಯಲ್ಲಿ ವಾಲ್ಸ್ ಕೂತಿತ್ತು. ಗಾಜಿನ ಮೇಲೆ ಮಕ್ಕಳ ಬೆರಳಚ್ಚು. ಯಾರೋ ಒಂದು ಆಟದ ಒಂಟೆಯನ್ನು ಅದರ ಮೇಲೆ ಇಟ್ಟಿದ್ದರು. ಶೀನಪ್ಪ ಅದನ್ನು ತೆಗೆದಿಟ್ಟು ಕರವಸ್ತ್ರದಿಂದ ಗಾಜು ಒರೆಸತೊಡಗಿದ.

"ಚಂದ ಉಂಟಲ್ಲ ಅಂಕಲ್? ಸ್ವಿಟ್ಜರ್‌ಲ್ಯಾಂಡ್," ಎಂದಳು ಕೌಂಟರಿನಲ್ಲಿದ್ದ ಉಡುಪಿಯ ಹುಡುಗಿ ದೀಪ್ತಿ.

"ಸ್ವಿಟ್ಜರ್‌ಲ್ಯಾಂಡ್ ಅಲ್ಲ."

"ಡಾಕ್ಟರೇ ಹೇಳಿದ್ದು."

"ಡಾಕ್ಟರಿಗೆ ಹಲ್ಲು ಗೊತ್ತುಂಟು ಮಗಳೇ. ಇದು ನೆದರ್‌ಲ್ಯಾಂಡ್ಸ್. ವಾಲ್ಸ್ ಅಂತ."

"ನೆದರ್‌ಲ್ಯಾಂಡ್ಸ್‌ನಲ್ಲಿ ಗುಡ್ಡೆ ಎಲ್ಲುಂಟು ಅಂಕಲ್? ನಾವು ಶಾಲೆಯಲ್ಲಿ ಓದಿದ್ದೇವೆ, ಎಲ್ಲ ಚಪ್ಪಟೆ."

"ಇಲ್ಲಿ ಬಾ. ಈಚೆ ನಿಂತು ನೋಡು. ಇದು ಬೆಲ್ಜಿಯಂ, ಇದು ಜರ್ಮನಿ..."

ಒಳಗಿನಿಂದ ಲೋಲಾಕ್ಷಿಯ ಹೆಸರು ಕರೆದರು. ಅವಳು ಎದ್ದು, ಗಂಡನ ಕಡೆ ಒಮ್ಮೆ ನೋಡಿ, "ಇವರನ್ನು ಕಾಯಬೇಡಿ, ಈಗ ಮುಗಿಯುವುದಿಲ್ಲ," ಎಂದು ನರ್ಸಿಗೆ ಹೇಳಿ ಒಬ್ಬಳೇ ಒಳಗೆ ಹೋದಳು.