ಚೀಟಿ ಎತ್ತಿ ನೆಟ್ಟ ಹುಲ್ಲು

ಕರ್… ಕರ್… ಯಾರೋ ಉಗುರಿನಿಂದ ಗಾಜು ಕೆರೆದ ಹಾಗೆ ಸದ್ದು. ಕಳೆದ ಚಳಿಗಾಲದಲ್ಲಿ ರಾತ್ರಿ ಒಂದೂವರೆಯ ಹೊತ್ತಿಗೆ ಅದು ಶುರುವಾಗುತ್ತಿತ್ತು. ನೆಲಮಹಡಿಯ ನಿವೃತ್ತ ಮೇಷ್ಟ್ರು ಎದ್ದು ಕೂತು, ಕನ್ನಡಕ ಹುಡುಕಿ, ಆಮೇಲೆ ಫೋನ್ ಹುಡುಕಿ, ಪಂಪ್ ಮನೆಯ ಪಕ್ಕದ ಕೋಣೆಗೆ ಕರೆ ಮಾಡುತ್ತಿದ್ದರು. ಆ ಕೋಣೆಯಲ್ಲಿರುವುದು ವಸತಿ ಸಮುಚ್ಚಯದ ತೋಟ ನೋಡಿಕೊಳ್ಳುವ ತೋಟದಕ್ಕ, ಮತ್ತು ಗೇಟಿನ ಬಳಿ ಇಸ್ತ್ರಿ ಮಾಡುವ ಅವರ ತಂಗಿ.

"ಏಳಕ್ಕಾ, ನಿನ್ನ ಹುಲ್ಲಿಗೆ ನಿದ್ದೆ ಬರ್ತಿಲ್ವಂತೆ," ಎಂದು ತಂಗಿ ಮಗ್ಗುಲು ಬದಲಿಸುತ್ತಿದ್ದರು.

ತೋಟದಕ್ಕ ತಲೆಗೆ ಟವೆಲ್ ಸುತ್ತಿ, ಟಾರ್ಚ್ ಹಿಡಿದು ಹೋಗಿ, ಕಿಟಕಿಗೆ ಒರಗಿದ ಎದೆಯೆತ್ತರದ ಹುಲ್ಲನ್ನು ಹಗ್ಗದಿಂದ ಬಿಗಿದು ಬರುತ್ತಿದ್ದರು. ಒಂದೇ ಚಳಿಗಾಲದಲ್ಲಿ ಹದಿನೇಳು ಸಲ. "ತಂಗಿ ಮಗಳು ಕೂಸಾಗಿದ್ದಾಗಲೂ ರಾತ್ರಿ ಇಷ್ಟು ಸಲ ಎದ್ದಿಲ್ಲ ನಾನು," ಎನ್ನುತ್ತಾರೆ.

ಈಗ ಬೆಳಗಿನ ಐದು ಗಂಟೆ. ಬಣ್ಣದ ಡಬ್ಬ ಬೋರಲು ಹಾಕಿ, ಅದರ ಮೇಲೆ ಕೂತು ತೋಟದಕ್ಕ ಕಳೆ ಕೀಳುತ್ತಿದ್ದಾರೆ. ಐವತ್ತನಾಲ್ಕರ ವಯಸ್ಸು; ಬಲ ಮೊಣಕಾಲು ಮಡಚಲು ಒಪ್ಪುವುದಿಲ್ಲ. ನೂರ ಹನ್ನೆರಡು ಮನೆಗಳು, ಮುನ್ನೂರ ನಲವತ್ತು ಕುಂಡಗಳು, ಒಂಬತ್ತು ನಲ್ಲಿಗಳು. ಅದರಲ್ಲಿ ಮೂರು ಸೋರುತ್ತವೆ. ಹತ್ತೊಂಬತ್ತು ವರ್ಷದಿಂದ ಇದೆಲ್ಲವನ್ನೂ ನೋಡಿಕೊಳ್ಳುವುದು ಇವರೊಬ್ಬರೇ.

ಇವತ್ತು ಹತ್ತು ಗಂಟೆಗೆ ನಿವಾಸಿಗಳ ಸಭೆ. ಗೇಟಿನ ಎಡಬಲದ ಎರಡು ಪಾತಿಗಳ ಭವಿಷ್ಯ ಅಲ್ಲಿ ತೀರ್ಮಾನವಾಗಬೇಕು. ಎರಡೂ ಕೆಟ್ಟಿವೆ ಎಂದಾದರೆ ಅಂಗಳಕ್ಕೆಲ್ಲ ಕಲ್ಲು ಹಾಸುತ್ತಾರೆ. ಕಲ್ಲಿಗೆ ಪೊರಕೆ ಸಾಕು, ತೋಟದಕ್ಕ ಬೇಕಿಲ್ಲ. ಕೆಲಸದ ಜೊತೆಗೆ ಬಂದ ಕೋಣೆಯೂ ಕೆಲಸದ ಜೊತೆಗೇ ಹೋಗುತ್ತದೆ.

ಈ ತಲೆನೋವು ಶುರುವಾದದ್ದು ಒಂದೂವರೆ ವರ್ಷದ ಹಿಂದೆ. ನಿವಾಸಿಗಳ ಸಂಘದ ಅಧ್ಯಕ್ಷರು ಫೋನಿನಲ್ಲಿ ಎಲ್ಲೋ ಬಯಲುಹುಲ್ಲು ನೋಡಿ ಮರುಳಾದರು. "ಗಾಳಿಗೆ ಹೇಗೆ ಓಲಾಡ್ತಿದೆ ನೋಡಿ!" ಎಂದು ಕಂಡಕಂಡವರಿಗೆಲ್ಲ ತೋರಿಸಿದರು. ಕಾರ್ಯದರ್ಶಿ ಮೇಡಂ ಮೂಗು ಮುರಿದರು. ಅವರಿಗೆ ಬೇಕಾದದ್ದು ನೆಲಕ್ಕೆ ಚಾಪೆಯಂತೆ ಹರಡುವ ಹಸಿರು ಗಿಡ. "ವರ್ಷವಿಡೀ ಹಸಿರಾಗಿರತ್ತೆ, ಗೇಣುದ್ದ ಮೀರಲ್ಲ. ಹೀಗೆ ತಲೆ ಕೆದರಿಕೊಂಡು ನಿಲ್ಲಲ್ಲ," ಎಂದರು. ನಾಲ್ಕು ಸಭೆಗಳು ಇದರಲ್ಲೇ ಕಳೆದವು. ಕೊನೆಗೆ ಒಂದು ಪಾತಿಯಲ್ಲಿ ಅದು, ಇನ್ನೊಂದರಲ್ಲಿ ಇದು, ಯಾವುದು ಮೇಲೆಂದು ನೋಡೋಣ ಎಂದಾಯಿತು.

ಯಾವುದು ಎಲ್ಲಿ? ಇಲ್ಲಿ ಕಾರು ನಿಲ್ಲಿಸುವ ಜಾಗದಿಂದ ಹಿಡಿದು ಸಭಾಂಗಣದ ಸರದಿಯವರೆಗೆ ಎಲ್ಲಕ್ಕೂ ಚೀಟಿ ಎತ್ತುವುದೇ ಪದ್ಧತಿ. ಪಾತಿಗಳಿಗೂ ಎತ್ತಿದರು. ಹುಲ್ಲಿಗೆ ಬಂದದ್ದು ಎಡಗಡೆಯದು, ದೊಡ್ಡ ಮರದ ಬುಡದಲ್ಲಿ, ಮೇಷ್ಟ್ರ ಕಿಟಕಿಗೆ ತಾಗಿದಂತೆ. ಅಲ್ಲಿ ಬಿಸಿಲು ಬೀಳುವುದೇ ಇಲ್ಲ. ಹಸಿರು ಚಾಪೆಗೆ ಬಂದದ್ದು ಬಲಗಡೆಯದು, ಬೆಳಗಿನಿಂದ ಸಂಜೆಯವರೆಗೆ ಬಿಸಿಲಿಗೆ ಕಾಯುವ ಗೋಡೆಯ ಪಕ್ಕ.

"ಸಾರ್, ಉಲ್ಟಾ ಆಯ್ತು," ಎಂದು ತೋಟದಕ್ಕ ಆಗಲೇ ಹೇಳಿದ್ದರು. "ಹುಲ್ಲಿಗೆ ಬಿಸಿಲು ಬೇಕು, ಚಾಪೆಗೆ ನೆರಳು ಬೇಕು."

"ಚೀಟಿ ಎತ್ತಿ ಆಗಿದೆಯಲ್ಲಮ್ಮಾ," ಎಂದರು ಅಧ್ಯಕ್ಷರು.

"ಗಿಡಕ್ಕೆ ಚೀಟಿ ಓದೋಕೆ ಬರಲ್ಲ ಸಾರ್."

"ನ್ಯಾಯ ಅಂದ್ರೆ ನ್ಯಾಯ," ಎಂದರು ಕಾರ್ಯದರ್ಶಿ ಮೇಡಂ. ಅಧ್ಯಕ್ಷರೂ ಅವರೂ ಒಂದಾದ ಮಾತು ಇದೊಂದೇ. "ಇವತ್ತು ಇದನ್ನ ಬದಲಾಯಿಸಿದ್ರೆ ನಾಳೆ ಪಾರ್ಕಿಂಗೂ ಬದಲಾಯಿಸಿ ಅಂತಾರೆ."

ತೋಟದಕ್ಕ ಅದೇ ಮಾತನ್ನು ಹನ್ನೊಂದು ಸಲ ಹೇಳಿದ್ದಾರೆ. ಒಮ್ಮೆಯಂತೂ ಅಧ್ಯಕ್ಷರ ಮುಖದೆದುರು ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವವರೆಗೂ ಹೇಳಿದ್ದಾರೆ.

"ಎರಡೂ ಒಳ್ಳೆಯವೇ," ಎನ್ನುತ್ತಾರೆ ಕೈಯ ಮಣ್ಣು ಕೊಡವುತ್ತಾ. "ಹುಲ್ಲು ಒಂದ್ಸಲ ಬೇರು ಬಿಟ್ರೆ ನೀರು ಕೇಳಲ್ಲ. ವರ್ಷಕ್ಕೊಂದು ಸಲ ಗೇಣುದ್ದ ಬಿಟ್ಟು ಕತ್ತರಿಸಿದ್ರೆ ಮುಗೀತು. ಚಳೀಲಿ ಒಣಗಿದ ಬಣ್ಣಕ್ಕೆ ತಿರುಗತ್ತೆ, ಸತ್ತಿರಲ್ಲ, ಮಲಗಿರತ್ತೆ. ಚಾಪೆ ಯಾವಾಗ್ಲೂ ಹಸಿರೇ, ನೋಡೋಕೆ ಚೆಂದ. ಆದ್ರೆ ನೆಲ ಪೂರ್ತಿ ಮುಚ್ಚೋಕೆ ಎರಡು ವರ್ಷ ಬೇಕು, ಅಲ್ಲೀವರೆಗೂ ಕಳೆ ಕಿತ್ತು ಕಿತ್ತು ಬೆನ್ನು ಹೋಗೋದು ನಂದು. ಯಾವುದು ಮೇಲು ಅಂತ ಕೇಳ್ತಾರೆ. ಕೊಡೆ ಮೇಲಾ, ಚಪ್ಪಲಿ ಮೇಲಾ ಅಂದ ಹಾಗಾಯ್ತು. ತಲೆ ಯಾವುದು, ಕಾಲು ಯಾವುದು ಅಂತ ಮೊದಲು ನೋಡ್ಬೇಕಲ್ಲ!"

ಯಾರೂ ನೋಡಲಿಲ್ಲ. ನೆರಳಿನಲ್ಲಿ ಹುಲ್ಲು ಸೊರಗಿ, ಮೇಷ್ಟ್ರ ಕಿಟಕಿಗೆ ಬಿತ್ತು. ಬಿಸಿಲಿನಲ್ಲಿ ಚಾಪೆ ಸುಟ್ಟ ಕಾಗದದಂತೆ ಮುದುರಿತು; ದಿನಕ್ಕೆರಡು ಸಲ ಪೈಪು ಎಳೆದರೂ ಉಳಿದದ್ದು ಬರೀ ಮೋಟು. ದಾರಿಯಲ್ಲಿ ಹೋಗುವವರೆಲ್ಲ "ಏನಮ್ಮಾ, ನೀರು ಹಾಕಲ್ವಾ?" ಎಂದು ಕೇಳಿ ಹೋಗುವವರೇ. ಚಳಿಗಾಲ ಮುಗಿಯುವಾಗ ಖಜಾಂಚಿ ಕಲ್ಲು ಹಾಸುವ ಮಾತೆತ್ತಿದರು. ಎಂಟು ತಿಂಗಳು ನೋಡೋಣ, ಇದೇ ಕೊನೆ ಅವಕಾಶ ಎಂದಿತು ಸಮಿತಿ.

ಆ ವಾರ ತೋಟದಕ್ಕ ವಾಡಿಕೆಯಂತೆ ಹುಲ್ಲನ್ನು ಗೇಣುದ್ದಕ್ಕೆ ಕತ್ತರಿಸಿದರು. ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದರೆ, ಎಡಕ್ಕೂ ಬರೀ ಮೋಟು, ಬಲಕ್ಕೂ ಬರೀ ಮೋಟು. ಯಾವುದು ಯಾವುದೆಂದು ಹೆತ್ತವರಿಗೂ ಗೊತ್ತಾಗದಂತಿತ್ತು.

ಹನ್ನೆರಡನೆಯ ಸಲ ಯಾರಿಗೂ ಹೇಳಲು ಹೋಗಲಿಲ್ಲ. ಮರುದಿನ ಬೆಳಗಿನ ಐದಕ್ಕೆ ಗುದ್ದಲಿ ಹಿಡಿದರು. ಮನೆಗಳಲ್ಲಿ ದೀಪ ಹತ್ತುವುದರೊಳಗೆ ನಾಲ್ಕು ಬುಡ ಹುಲ್ಲು ಮಣ್ಣಿನ ಸಮೇತ ಆ ಕಡೆಗೆ, ನಾಲ್ಕು ಬುಡ ಚಾಪೆ ಈ ಕಡೆಗೆ. ಒದ್ದೆ ಗೋಣಿಚೀಲದ ಇನ್ನೊಂದು ತುದಿ ಹಿಡಿದದ್ದು ತಂಗಿ. "ಇಸ್ತ್ರಿ ಮಾಡೋ ಕೈಗೆ ಮಣ್ಣು ಮೆತ್ತಿಸ್ತೀಯಲ್ಲೇ ಅಕ್ಕಾ. ಅಧ್ಯಕ್ಷರ ಬಿಳಿ ಶರ್ಟಿನ ಮೇಲೆ ಬೆರಳು ಮೂಡಿದ್ರೆ ನಿನ್ನ ಹೆಸರೇ ಹೇಳೋದು ನಾನು!" ಪಾತಿಗೆ ಅರವತ್ತು ಬುಡ, ಹದಿನೈದು ದಿನ. ಲಿಫ್ಟಿನ ಸದ್ದು ಕೇಳಿದಾಗಲೆಲ್ಲ ಇಬ್ಬರೂ ಗೋಣಿಚೀಲವನ್ನು ಮರದ ಹಿಂದಕ್ಕೆ ಎಳೆಯುತ್ತಿದ್ದರು. ಕೊನೆಯ ದಿನ, ಯಾವ ಪಾತಿ ಅಧ್ಯಕ್ಷರದು, ಯಾವುದು ಕಾರ್ಯದರ್ಶಿಯವರದು ಎಂದು ಹೆಸರು ಬರೆದ ಎರಡು ಫಲಕಗಳನ್ನೂ ಕಿತ್ತು ಅದಲುಬದಲು ಮಾಡಿದರು.

ನೂರ ಹನ್ನೆರಡು ಮನೆಗಳಲ್ಲಿ ಯಾರೂ ಚಕಾರ ಎತ್ತಲಿಲ್ಲ. ಅದು ತೋಟದಕ್ಕನಿಗೆ ಸಮಾಧಾನ ತಂದಷ್ಟೇ ಉರಿಯನ್ನೂ ತಂದಿತು. "ಹತ್ತೊಂಬತ್ತು ವರ್ಷದಿಂದ ದಿನಾ ನಮಸ್ಕಾರ ಹೇಳೋ ನನ್ನ ಮುಖಾನೇ ನೋಡಿಲ್ಲ ಅವರು. ಗಿಡದ ಜಾಗ ನೋಡ್ತಾರಾ?"

ಹತ್ತು ಗಂಟೆ. ಸಭೆಗೆ ಕುರ್ಚಿ ಹಾಕಿದವರೂ ತೋಟದಕ್ಕನೇ. ಈಗ ಹಿಂದೆ ಗೋಡೆಗೆ ಒರಗಿ ನಿಂತಿದ್ದಾರೆ. ಹೊರಗೆ ಬಿಸಿಲಿನಲ್ಲಿ ಹುಲ್ಲು ತೆನೆ ಬಿಟ್ಟು ನೆಟ್ಟಗೆ ನಿಂತಿದೆ. ಮರದ ಕೆಳಗೆ ಹಸಿರು ಚಾಪೆ ಆಗಲೇ ಅರ್ಧ ನೆಲ ಮುಚ್ಚಿದೆ.

"ಹುಲ್ಲು ಒಗ್ಗಿಕೊಳ್ಳೋಕೆ ಸಮಯ ಕೊಡಿ ಅಂತ ನಾನು ಮೊದಲೇ ಹೇಳಿದ್ದೆ," ಎನ್ನುತ್ತಾರೆ ಅಧ್ಯಕ್ಷರು.

"ನಮ್ಮದೂ ಹಾಗೇ. ಚೀಟಿ ಎತ್ತಿದ್ದು ಎಷ್ಟು ಒಳ್ಳೇದಾಯ್ತು ನೋಡಿ," ಎನ್ನುತ್ತಾರೆ ಕಾರ್ಯದರ್ಶಿ ಮೇಡಂ.

ಆಗ ಮುಂದಿನ ಸಾಲಿನಲ್ಲಿ ಮೇಷ್ಟ್ರ ಕೈ ಮೇಲೇಳುತ್ತದೆ. "ಒಂದು ಅನುಮಾನ. ಆ ಹುಲ್ಲು ನನ್ನ ಕಿಟಕಿ ಹತ್ರ…" ಎಂದವರು ಹಿಂದಕ್ಕೆ ತಿರುಗಿ ನೋಡುತ್ತಾರೆ. ತೋಟದಕ್ಕ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗಾಗುತ್ತಾರೆ.

"ಏನು ಮೇಷ್ಟ್ರೇ?" ಎನ್ನುತ್ತಾರೆ ಅಧ್ಯಕ್ಷರು.

"ಏನಿಲ್ಲ. ಈಗೀಗ ಒಳ್ಳೇ ನಿದ್ದೆ ಬರ್ತಿದೆ ಅಂತ ಹೇಳೋಣ ಅಂದೆ."

ಖಜಾಂಚಿ ಕಲ್ಲು ಹಾಸುವ ಖರ್ಚಿನ ಲೆಕ್ಕದ ಕಾಗದ ಮಡಚಿ ಜೇಬಿಗಿಡುತ್ತಾರೆ. ತೋಟ ಉಳಿಯುತ್ತದೆ. ಹಿತ್ತಲಿನಲ್ಲೂ ಇವೆರಡನ್ನೇ ನೆಡುವುದೆಂದು ತೀರ್ಮಾನ. ಯಾವುದು ಎಲ್ಲಿಗೆ ಎಂಬುದಕ್ಕೆ ಬರುವ ವಾರ ಚೀಟಿ ಎತ್ತುವುದು. ಚಪ್ಪಾಳೆ. ತೋಟದಕ್ಕ ಕೈಗೆ ಸಿಕ್ಕ ಕುರ್ಚಿಯನ್ನು ಸ್ವಲ್ಪ ಜೋರಾಗಿಯೇ ಮಡಚುತ್ತಾರೆ.

"ನಂಗೇನೂ ದೊಡ್ಡ ಆಸೆ ಇಲ್ಲ," ಎನ್ನುತ್ತಾರೆ ಆಮೇಲೆ, ಪೈಪು ಸುತ್ತುತ್ತಾ. "ಚೀಟಿ ಎತ್ತೋ ಮುಂಚೆ ಬಿಸಿಲು ಯಾವ ಕಡೆ ಬೀಳತ್ತೆ ಅಂತ ಒಬ್ಬರಾದ್ರೂ ಒಂದ್ಸಲ ತಲೆಯೆತ್ತಿ ನೋಡಲಿ. ಅಷ್ಟೇ."

ನೆಲಮಹಡಿಯ ಕಿಟಕಿ ತೆರೆದುಕೊಳ್ಳುತ್ತದೆ. "ನೋಡಮ್ಮಾ," ಎನ್ನುತ್ತಾರೆ ಮೇಷ್ಟ್ರು ಮೆಲ್ಲಗೆ, "ನಂಗೆ ಐದು ಗಂಟೆಗೇ ಎಚ್ಚರ ಆಗತ್ತೆ. ಹದಿನೈದು ದಿನ ಗುದ್ದಲಿ ಸದ್ದು ಕೇಳ್ಕೊಂಡು ಮಲಗಿದ್ದೆ. ಹಿತ್ತಲಲ್ಲಿ ಕತ್ತಲು ಜಾಸ್ತಿ. ನನ್ನ ಹತ್ರ ದೊಡ್ಡ ಟಾರ್ಚ್ ಇದೆ, ತಗೊಂಡು ಹೋಗು."

ತೋಟದಕ್ಕ ಅತ್ತಿತ್ತ ನೋಡಿ ಕಿಟಕಿಯ ಹತ್ತಿರ ಬರುತ್ತಾರೆ. "ಈ ಮಾತು ನಮ್ಮಲ್ಲೇ ಇರಲಿ ಮೇಷ್ಟ್ರೇ."

"ಯಾವ ಮಾತು?" ಎನ್ನುತ್ತಾ ಮೇಷ್ಟ್ರು ಕಿಟಕಿ ಮುಚ್ಚಿಕೊಳ್ಳುತ್ತಾರೆ.